ಪಾದಕ್ಕೆ ಕುಂಕುಮ ಬಿದ್ದ ಪುಸ್ತಕಗಳು

ಅಂದು ಮಾಡಿದ ಕೆಲಸಗಳು ಇಷ್ಟು: ಬೆಳಗ್ಗೆ ಬಾವಿಯಿಂದ ನೀರು ಸೇದಿ ಬಚ್ಚಲ ಹಂಡೆ ತುಂಬಿಸಿದ್ದು, ಮನೆಯವಳು ಹೇಳಿದಂತೆ ಅಟ್ಟದಿಂದ ಹುಣಸೆಹಣ್ಣಿನ ಮಡಕೆ ಇಳಿಸಿಕೊಟ್ಟಿದ್ದು, ಚಿಂತಾಮಣಿಯಿಂದ ತಂದಿದ್ದ ಓಲೆಗರಿಯ ಕಟ್ಟು ಬಿಚ್ಚಿ, ಒಂದೊಂದೇ ಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರಿ ನೆರಳಿನಲ್ಲಿ ಹರಡಿದ್ದು, ಸೈಕಲ್ಲಿನ ಹಿಂದಿನ ಚಕ್ರಕ್ಕೆ ಗಾಳಿ ಹಾಕಿಸಿದ್ದು, ಬರುವಾಗ ಹೀರೇಕಾಯಿ ತಂದಿದ್ದು. ಊಟ ಮುಗಿಸಿ ಜಗಲಿಯ ಮೇಲೆ ಅಡ್ಡಾಗಬೇಕು ಅನ್ನುವಷ್ಟರಲ್ಲಿ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಆ ದಿನದ ಕೊನೆಯ ಕೆಲಸ ಅವರ ಮಾತು ಕೇಳಿದ್ದು. ನನ್ನ ನೌಕರಿಯಲ್ಲಿ ಮರೆಯಲಾಗದ ಪ್ರಸಂಗ ಆ ಮಾತಿನಿಂದ ಶುರುವಾಯಿತು.

ಅದು ೧೯೬೧ನೇ ಇಸವಿ, ಗಣೇಶನ ಹಬ್ಬ ಕಳೆದ ಹೊಸತು. ಹಳೆಯ ಗ್ರಂಥಗಳನ್ನು ಕೂಡಿಸಿ ಕಾಪಾಡುವ ಒಂದು ಸಂಸ್ಥೆಯಲ್ಲಿ ನಾನು ಕ್ಷೇತ್ರ ಸಹಾಯಕನಾಗಿದ್ದೆ. ಚಿಕ್ಕಬಳ್ಳಾಪುರದಲ್ಲಿ ಮನೆ ಮಾಡಿಕೊಂಡು ಅಲ್ಲಿಂದ ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಯ ಹಳ್ಳಿಗಳನ್ನು ಸುತ್ತುವುದು ನನ್ನ ಕೆಲಸ. ಮನೆಮನೆಗೆ ಹೋಗಿ, "ಅಟ್ಟದ ಮೇಲೆ ಹಳೇ ಓಲೆಗರಿ, ಕಡತ ಏನಾದರೂ ಇದೆಯೇ ತಾಯಿ?" ಎಂದು ಕೇಳುವುದು, ಇದ್ದರೆ ದೂಳು ಒರೆಸಿ, ವಿವರ ಬರೆದುಕೊಂಡು, ಮನೆಯವರು ಒಪ್ಪಿದರೆ ಸಂಸ್ಥೆಗೆ ತರುವುದು. ಒಪ್ಪಿಸುವುದೇ ಕಷ್ಟದ ಭಾಗ. ಓದಲು ಬಾರದ ಮನೆಯಲ್ಲೇ ಗ್ರಂಥದ ಮೇಲೆ ಹೆಚ್ಚು ಭಕ್ತಿ ಇರುತ್ತದೆ. ಹೀಗಾಗಿ ತಾಳ್ಮೆ ಬೇಕಾದ ಕೆಲಸ, ನನಗೆ ಹೊಂದುವ ಕೆಲಸ.

ಬಾಗಿಲಲ್ಲಿ ನಿಂತಿದ್ದವರು ಶಿಡ್ಲಘಟ್ಟದ ಹತ್ತಿರದ ಮೇಲೂರಿನ ಕೆಂಪಣ್ಣ. ಮೂವತ್ತರ ಆಸುಪಾಸಿನ ಆಳು, ಹಿಪ್ಪುನೇರಳೆ ತೋಟ ಇಟ್ಟುಕೊಂಡು ರೇಷ್ಮೆ ಹುಳು ಸಾಕುವವರು.

"ಹಳೇ ಪುಸ್ತಕ ತಗೊಳ್ಳೋ ಸ್ವಾಮಿಗಳು ನೀವೇನಾ?"

"ನಾನೇ. ಏನಿದೆ ಮನೆಯಲ್ಲಿ?"

"ಏನೈತೆ ಅಂತ ನಮಗೂ ಗೊತ್ತಿಲ್ಲ ಸ್ವಾಮಿ. ಒಂದು ಪೆಟ್ಟಿಗೆ ತುಂಬ ಐತೆ. ಕನ್ನಡ ಅಲ್ಲ, ತೆಲುಗಲ್ಲ, ತುರುಕರ ಬರವಣಿಗೆಯೂ ಅಲ್ಲ. ನಮ್ಮಮ್ಮ ಈ ವಿಜಯದಶಮಿಗೆ ಎಲ್ಲಾನೂ ಕೆರೆಗೆ ಬಿಡ್ತೀನಿ ಅಂತ ಕೂತವ್ರೆ. ಹೊತ್ಕೊಂಡೋಗಿ ಬಿಡ್ಬೇಕಾದೋನು ನಾನು."

"ನಿಮಗೆ ಇಷ್ಟವಿಲ್ಲವೇ?"

"ಅವು ಬಿಳೇ ಡಾಕ್ಟರಪ್ಪಂದು. ನಂಗೆ ಸನ್ನಿಜ್ವರ ಬಂದು ಚಾಪೆ ಹಿಡಿದಾಗ ಹಗಲೂ ರಾತ್ರಿ ಕೂತು ಬದುಕ್ಸಿದೋರು ಅವ್ರು. ಅವ್ರ ಪುಸ್ತಕಾನ ನನ್ನ ಕೈಯಾರೆ ನೀರಿಗೆ ಹಾಕ್ಲಾ? ನೀವೇ ಹೇಳಿ."

ಬಿಳೇ ಡಾಕ್ಟರಪ್ಪನ ಕಥೆಯನ್ನು ಕೆಂಪಣ್ಣ ಹೇಳಿದಷ್ಟು ಹೇಳುತ್ತೇನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿನಿಂದ ತಪ್ಪಿಸಿಕೊಂಡು ಬಂದ ಒಬ್ಬ ವೈದ್ಯರು ಹೇಗೋ ಮೇಲೂರು ಸೇರಿ, ಇವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಯೆಹೂದಿ ಜನ. ತಲೆಗೆ ಕರಿ ಟೋಪಿ, ಕೈಯಲ್ಲಿ ಔಷಧಿ ಚೀಲ, ಜೊತೆಗೆ ಈ ಮರದ ಪೆಟ್ಟಿಗೆ. ತಂದೆಯ ಕಾಲದ ಪುಸ್ತಕಗಳು, ಅದಕ್ಕೂ ಹಿಂದಿನವರ ಕಾಲದವು ಎಂದಿದ್ದರಂತೆ. ಯುದ್ಧ ಮುಗಿದ ಮೇಲೆ, ಸತ್ತಳೆಂದುಕೊಂಡಿದ್ದ ತಂಗಿ ಬದುಕಿದ್ದಾಳೆಂದು ಸುದ್ದಿ ಬಂತು. ಉಟ್ಟ ಬಟ್ಟೆಯಲ್ಲೇ ಹೊರಟರು. ಪೆಟ್ಟಿಗೆಯನ್ನು ಕೆಂಪಣ್ಣನ ತಾಯಿ ಅಕ್ಕಯ್ಯಮ್ಮನವರ ಕೈಗೊಪ್ಪಿಸಿ, "ನಾನು ಬರ್ತೀನಿ, ಇಲ್ಲದಿದ್ದರೆ ನಮ್ಮವರು ಯಾರಾದರೂ ಬರ್ತಾರೆ. ಅವರಿಗೆ ಕೊಡಿ" ಎಂದರು. ಅವರೂ ಬರಲಿಲ್ಲ, ಅವರ ಕಡೆಯವರೂ ಬರಲಿಲ್ಲ.

ಎರಡು ದಿನ ಬಿಟ್ಟು ಮೇಲೂರಿಗೆ ಹೋದೆ. ಅಕ್ಕಯ್ಯಮ್ಮ ನಡುಮನೆಯ ಕಂಬಕ್ಕೆ ಒರಗಿ ಹುರುಳಿ ಆರಿಸುತ್ತಿದ್ದರು. ಸಣ್ಣ ದೇಹ, ಬಿಳಿ ತಲೆ, ದೊಡ್ಡ ದನಿ. ಪೆಟ್ಟಿಗೆ ಅವರ ಹಾಸಿಗೆಯ ತಲೆದೆಸೆಯಲ್ಲಿತ್ತು. ನಾಲ್ಕು ಮೂಲೆಗೂ ಇಟ್ಟಿಗೆ ಕೊಟ್ಟು ನೆಲದಿಂದ ಎತ್ತರಿಸಿದ್ದರು, ಗೆದ್ದಲು ಹತ್ತಬಾರದೆಂದು.

"ನಮ್ಮ ಕೆಂಪ ನಿಮ್ಮತ್ರ ಓಡಿಬಂದ್ನಾ? ಅವ್ನಿಗೆ ನನ್ ಮೇಲೆ ಭರವಸೆ ಇಲ್ಲ ಕಣಪ್ಪ" ಎಂದರು. "ನಾನೇನು ಪುಸ್ತಕ ಬಿಸಾಕ್ತೀನಿ ಅಂದ್ನಾ? ಕೆರೆ ಎಷ್ಟೋ ವರ್ಷ ಆದ್ಮೇಲೆ ಕೋಡಿ ಬಿದ್ದೈತೆ. ನಾನು ಸತ್ತ ಮೇಲೆ ಯಾರೋ ಹಾಳೆ ಹರಿದು ಕಡ್ಲೆಪುರಿ ಪೊಟ್ಲ ಕಟ್ಟೋದಕ್ಕಿಂತ, ಪೂಜೆ ಮುಗಿಸಿ ಗಂಗಮ್ಮನ ಮಡ್ಲಿಗೆ ಹಾಕೋದು ಮರ್ವಾದೆ."

ಹರಿದ ಪಂಚಾಂಗ, ಮುಕ್ಕಾದ ದೇವರ ಪಟ, ಓದಲಾಗದ ಹಳೆಯ ಗ್ರಂಥ ಇವನ್ನು ಹರಿವ ನೀರಿಗೆ ಬಿಡುವುದು ನಮ್ಮ ಕಡೆಯ ರೂಢಿ. ನನ್ನ ವೃತ್ತಿಗೆ ದೊಡ್ಡ ಶತ್ರು ಗೆದ್ದಲಲ್ಲ, ಈ ರೂಢಿ. ಆದರೆ ಅದರ ಹಿಂದೆ ಇರುವುದು ಗೌರವ. ಅದರೊಡನೆ ಜಗಳ ಆಡಿ ಗೆದ್ದವರನ್ನು ನಾನು ಕಂಡಿಲ್ಲ.

"ಒಮ್ಮೆ ನೋಡಲೇ ಅಮ್ಮ?"

"ನೋಡಪ್ಪ. ನೋಡೋಕೆ ಯಾರು ಬ್ಯಾಡ ಅಂದ್ರು?"

ಪೆಟ್ಟಿಗೆಯಲ್ಲಿ ಏಳು ದೊಡ್ಡ ಸಂಪುಟಗಳಿದ್ದವು. ಹಲಗೆಗೆ ಚರ್ಮ ಹೊದಿಸಿದ ರಟ್ಟು. ಅಡಿಯಲ್ಲಿ ಒಂದು ಬಟ್ಟೆಗಂಟಿನಲ್ಲಿ ಹುಳು ತಿಂದ ಬಿಡಿ ಹಾಳೆಗಳು. ಅಚ್ಚಿನ ಪುಸ್ತಕಗಳೇ, ಚೌಕಾಕಾರದ ದಪ್ಪ ಅಕ್ಷರಗಳ ಮೂಲಪಾಠ ಪುಟದ ನಡುವೆ, ಅದನ್ನು ಸುತ್ತುವರಿದು ಸಣ್ಣಕ್ಷರದ ವ್ಯಾಖ್ಯಾನ. ನಮ್ಮ ಸಂಸ್ಕೃತದ ಶಾಸ್ತ್ರಗ್ರಂಥಗಳನ್ನು ಅಚ್ಚು ಹಾಕುವ ರೀತಿಯೇ. ಆದರೆ ಮೊದಲ ಪುಟ ತೆರೆದು ಬೆಳಕಿಗೆ ಹಿಡಿದೆ. ಪುಟದ ತುಂಬ ಅರಿಶಿನ ಕುಂಕುಮ ಮೆತ್ತಿ, ಗಂಧದ ನೀರು ಇಂಗಿ, ಅಕ್ಷರವೇ ಕಾಣದು. ಏಳೂ ಸಂಪುಟಗಳ ಗತಿ ಹೀಗೇ.

"ಪ್ರತಿ ವರ್ಷ ಸರಸ್ವತಿ ಪೂಜೆಗೆ ಇಡ್ತೀವಿ" ಎಂದರು ಅಕ್ಕಯ್ಯಮ್ಮ ಹೆಮ್ಮೆಯಿಂದ. "ಒಂದು ವರ್ಷಾನೂ ತಪ್ಪಿಸಿಲ್ಲ."

ಒಂದು ಸಂಪುಟವನ್ನು ನನ್ನ ಕೈಗೆ ಕೊಡಲು ಅವರು ಎತ್ತಿದಾಗ ಅದು ಜಾರಿ ಚಾಪೆಯ ಮೇಲೆ ಬಿತ್ತು. ನಾನು ತಟ್ಟನೆ ಎತ್ತಿ ಎರಡೂ ಕಣ್ಣಿಗೊತ್ತಿಕೊಂಡೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ನಕ್ಕು, ಪುಸ್ತಕ ವಾಪಸು ತೆಗೆದುಕೊಂಡರು.

"ಒಳ್ಳೇ ಮನೆ ಮಗ ನೀನು. ಆದ್ರೆ ನೀನು ಅವ್ರೋನಲ್ಲ. ಕೊಡಲ್ಲ."

ನಾನು ನಮ್ಮ ಸಂಸ್ಥೆಯ ಮೇಲಧಿಕಾರಿಗಳಾದ ಶಾಸ್ತ್ರಿಗಳಿಗೆ ಬರೆದೆ. ಅವರು ಹಳೆಯ ಅಚ್ಚಿನ ವಿಷಯದಲ್ಲಿ ತುಂಬಾ ತಿಳಿದವರು. ವಾರದೊಳಗೆ ಬೆಂಗಳೂರಿನಿಂದ ಪುಟ್ಟ ರೈಲಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಬಂದಿಳಿದರು. ಇಬ್ಬರೂ ಮೇಲೂರಿಗೆ ಹೋದೆವು. ದಾರಿಯಲ್ಲಿ ಕುಂಕುಮದ ವಿಷಯ ಹೇಳಿ, "ಮುಖಪುಟಗಳು ಹೋದವು, ಎಲ್ಲಿ ಅಚ್ಚಾಯಿತು, ಯಾವಾಗ ಎಂದು ತಿಳಿಯುವ ಹಾಗಿಲ್ಲ" ಎಂದು ನಾನು ಪೇಚಾಡಿದೆ. ಹಳೆಯ ಅಚ್ಚಿನ ಪುಸ್ತಕಕ್ಕೆ ಮುಖಪುಟವೆಂದರೆ ಮನುಷ್ಯನಿಗೆ ಊರು ಹೆಸರು ಇದ್ದಂತೆ.

ಶಾಸ್ತ್ರಿಗಳು ಚಾಪೆಯ ಮೇಲೆ ಕೂತು, ಮೊದಲ ಸಂಪುಟ ಕೈಗೆತ್ತಿಕೊಂಡು, ಅದನ್ನು ಮಗುಚಿ, ನಾನು ಕೊನೆ ಎಂದುಕೊಂಡಿದ್ದ ಕಡೆಯಿಂದ ತೆರೆದರು. ಕಂಬಗಳೆರಡರ ನಡುವೆ ಕಮಾನು ಬಿಡಿಸಿದ ಸುಂದರ ಮುಖಪುಟ. ಒಂದು ಚುಕ್ಕೆ ಕುಂಕುಮವಿಲ್ಲ.

"ಹೀಬ್ರೂ ಕಣಯ್ಯ ಇದು" ಎಂದು ನಗತೊಡಗಿದರು. "ಬಲದಿಂದ ಎಡಕ್ಕೆ ಓದುವುದು. ನಮ್ಮ ಕೊನೆಯ ಪುಟ ಇವರ ಮೊದಲ ಪುಟ. ಅಮ್ಮ, ನೀವು ಇಷ್ಟು ವರ್ಷ ಪೂಜೆ ಮಾಡಿದ್ದು ಪುಸ್ತಕದ ಮುಖಕ್ಕಲ್ಲ, ಪಾದಕ್ಕೆ!"

ಅಕ್ಕಯ್ಯಮ್ಮ ಕಣ್ಣು ಮಿಟುಕಿಸದೆ ಹೇಳಿದರು: "ಪಾದಕ್ಕೇ ಅಲ್ವೇನಪ್ಪ ಪೂಜೆ ಮಾಡೋದು?"

ಶಾಸ್ತ್ರಿಗಳು ಎದ್ದು ನಿಂತು ಕೈಮುಗಿದರು. ಆಮೇಲೆ ಬಹಳ ಹೊತ್ತು ಕೂತು ಸಂಪುಟಗಳನ್ನು ನೋಡಿದರು. ಬಟ್ಟೆಯ ಚಿಂದಿಯನ್ನು ಅರೆದು ಮಾಡಿದ ಕಾಗದ, ಅದಕ್ಕೇ ಇಷ್ಟು ಗಟ್ಟಿ. ಆದರೆ ನೀರಿನಲ್ಲಿ ಒಂದು ರಾತ್ರಿ ಇದ್ದರೆ ಅಂಬಲಿ. ಯೆಹೂದಿಗಳ ಧರ್ಮಶಾಸ್ತ್ರ ಇರಬೇಕು, ಅಚ್ಚಿನ ಕಲೆ ಇನ್ನೂ ಹೊಸದಾಗಿದ್ದ ಕಾಲದ್ದು, ಇಂಥವು ಒಟ್ಟಿಗೆ ಏಳು ಸಿಗುವುದು ಎಲ್ಲೂ ಸುಲಭವಲ್ಲ ಎಂದು ನನಗೆ ಮೆಲ್ಲಗೆ ಹೇಳಿದರು. ಸಂಸ್ಥೆಗೆ ಕೊಡಿರೆಂದು ಅಕ್ಕಯ್ಯಮ್ಮನವರನ್ನು ಎಷ್ಟು ನಯವಾಗಿ ಕೇಳಬಹುದೋ ಅಷ್ಟು ನಯವಾಗಿ ಕೇಳಿದರು.

ಅಷ್ಟರಲ್ಲಿ ಅಕ್ಕಯ್ಯಮ್ಮ ಪೆಟ್ಟಿಗೆಗೆ ವಾಪಸಿಡುತ್ತಿದ್ದ ಸಂಪುಟ ಮತ್ತೆ ಜಾರಿತು. ಶಾಸ್ತ್ರಿಗಳು ಹಾರಿ ಹಿಡಿಯಲು ಹೋಗಿ, ಸಿಗದೆ, ನೆಲದಿಂದ ಎತ್ತಿ, ಬೆನ್ನಿನ ಹೊಲಿಗೆ ಬಿಟ್ಟಿದೆಯೇ ಎಂದು ನೋಡಿ, ಮಡಿಚಿದ ಮೂಲೆಯನ್ನು ಬೆರಳಿನಿಂದ ನೇರ ಮಾಡಿ, ದೂಳು ಊದಿ ಕೊಟ್ಟರು. ಯಾವ ಗ್ರಂಥಪಾಲಕನೂ ಅದಕ್ಕಿಂತ ಸರಿಯಾಗಿ ಮಾಡಲಾರ.

ಅಕ್ಕಯ್ಯಮ್ಮ ನನ್ನ ಕಡೆ ತಿರುಗಿದರು. "ಇವ್ರು ಪುಸ್ತಕದ ಡಾಕ್ಟ್ರು ಕಣಪ್ಪ. ಬಲು ಒಳ್ಳೇ ಡಾಕ್ಟ್ರು. ಆದ್ರೆ ಪುಸ್ತಕದೋರಲ್ಲ."

"ಯಾರು ಪುಸ್ತಕದೋರು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ ಅಮ್ಮ?" ಎಂದೆ.

"ಗೊತ್ತಾಗ್ತದೆ. ಗುರುತೈತೆ."

"ಏನದು ಗುರುತು?"

"ಹೇಳ್ಬಿಟ್ರೆ ಅದು ಗುರುತಾ?" ಎಂದು ಹುರುಳಿ ಮೊರ ಕೈಗೆತ್ತಿಕೊಂಡರು. ಮಾತು ಮುಗಿಯಿತೆಂದು ಅರ್ಥ. ಒಂದನ್ನು ಮಾತ್ರ ಒಪ್ಪಿದರು, ಒಂದು ಮುಖಪುಟದ ಮೇಲೆ ತೆಳು ಕಾಗದವಿಟ್ಟು ಅಕ್ಷರಗಳನ್ನು ಪೆನ್ಸಿಲಿನಲ್ಲಿ ಇಳಿಸಿಕೊಳ್ಳಲು.

ಹಿಂದಿರುಗುವಾಗ ಶಾಸ್ತ್ರಿಗಳು, "ಆ ಅಮ್ಮ ಅಷ್ಟು ಸಣ್ಣ ಹುರುಳಿಯಲ್ಲಿ ಕಲ್ಲು ಹೆಕ್ಕುತ್ತಾರೆ, ಬೆರಳು ನಡುಗುವುದಿಲ್ಲ. ಪುಸ್ತಕ ಮಾತ್ರ ಜಾರುತ್ತದೆ" ಎಂದರು. ಸ್ವಲ್ಪ ದೂರ ಹೋದ ಮೇಲೆ, "ನಮ್ಮಿಂದ ಆಗುವುದಲ್ಲ. ಇದನ್ನು ಓದುವವರನ್ನು ಹುಡುಕು. ದಶಮಿಯೊಳಗೆ" ಎಂದು ಹೇಳಿ ರೈಲು ಹತ್ತಿದರು.

ಎಲ್ಲಿ ಹುಡುಕುವುದು? ನಮ್ಮ ಸೀಮೆಯಲ್ಲಿ ಯೆಹೂದಿಗಳು ಎಂಬ ಮಾತನ್ನೇ ಜನ ಕೇಳಿರಲಿಲ್ಲ. ಚಿಂತಾಮಣಿಯ ಪಾದ್ರಿಯೊಬ್ಬರನ್ನು ಕೇಳಿದೆ. ಅವರು ಹೀಬ್ರೂ ಹಿಂದೆ ಕಲಿತಿದ್ದೆನೆಂದೂ ಈಗ ಮರೆತೆನೆಂದೂ ಹೇಳಿದರು. ಬೆಂಗಳೂರಿನ ದಂಡು ಪ್ರದೇಶದ ಕಡೆ ಕೆಲವು ಯೆಹೂದಿಗಳಿದ್ದಾರೆಂದು ಕೇಳಿ ಒಮ್ಮೆ ಹೋಗಿ ಬಂದೆ. ಹೇಳಿದ ಮನೆಗೆ ಬೀಗ. ನವರಾತ್ರಿ ಹತ್ತಿರ ಬಂತು. ಮನೆಯವಳು ಗೊಂಬೆಗಳ ಪೆಟ್ಟಿಗೆ ಇಳಿಸಿ ಅಂದಾಗಲೆಲ್ಲ ನನಗೆ ಆ ಪೆಟ್ಟಿಗೆಯ ನೆನಪು.

ನವರಾತ್ರಿ ಶುರುವಾದ ಮಾರನೆಯ ದಿನ ಮಂಚೇನಹಳ್ಳಿಯಲ್ಲಿ ಒಂದು ಓಲೆಗರಿ ಕಟ್ಟು ನೋಡುವುದಿತ್ತು. ನೋಡಿಕೊಂಡು ಗೌರಿಬಿದನೂರಿಗೆ ಬಂದು, ಬೆಂಗಳೂರಿಗೆ ಮತ್ತೊಮ್ಮೆ ಹೋಗಿ ಆ ಬೀಗದ ಮನೆ ನೋಡೋಣವೆಂದು ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದೆ. ಹೊತ್ತು ಹೋಗದೆ ಚೀಲದಿಂದ ಆ ತೆಳು ಕಾಗದ ತೆಗೆದು ನೋಡುತ್ತಿದ್ದೆ. ಗೂಡ್ಸ್ ಗಾಡಿಗೆ ಹಸಿರು ಬಾವುಟ ತೋರಿಸಿ ಕಳಿಸಿದ ಸ್ಟೇಷನ್ ಮಾಸ್ತರರು, ಬಾವುಟ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನನ್ನ ಮುಂದೆ ಹಾದುಹೋದವರು ಎರಡು ಹೆಜ್ಜೆ ಹಿಂದಕ್ಕೆ ಬಂದರು.

"ಏನ್ರೀ ಯಜಮಾನ್ರ, ಅದನ್ನ ತಲೆಕೆಳಗ ಹಿಡದೀರಲ್ಲ?"

ಅವರ ಹೆಸರು ಸ್ಯಾಮ್ಯುಯೆಲ್. ಹುಬ್ಬಳ್ಳಿ ಕಡೆಯ ರೈಲ್ವೆಯಲ್ಲಿ ಬೆಳೆದು ನಮ್ಮ ಕಡೆಗೆ ವರ್ಗವಾಗಿ ಬಂದವರು. ಎಷ್ಟೋ ಸಲ ಅವರಿಂದ ಟಿಕೆಟ್ಟು ಕೊಂಡಿದ್ದೆ. ಊರಿನವರೆಲ್ಲ ಅವರನ್ನು ಕ್ರೈಸ್ತರೆಂದೇ ತಿಳಿದಿದ್ದರು, ನಾನೂ ಹಾಗೇ.

"ಇದು ನಿಮಗೆ ಓದಲು ಬರುತ್ತದೆಯೇ?" ಎಂದು ಎದ್ದು ನಿಂತೆ.

"ನಮ್ಮ ಪ್ರಾರ್ಥನಾದ ಅಕ್ಷರ ಇದು. ನಾವು ಕೊಂಕಣದ ಯೆಹೂದಿ ಮಂದಿರೀ. ಮನ್ಯಾಗ ಮರಾಠಿ, ದೇವರ ಮುಂದ ಹೀಬ್ರೂ." ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ನೇರ ಮಾಡಿ, ಬೆಂಚಿನ ಮೇಲೆ ಕೂತರು. "ಇಲ್ಲಿ ಬಂದಾಗಿನಿಂದ ಎಲ್ಲಾರೂ ನನಗ ಕ್ರಿಸ್ಮಸ್ ಶುಭಾಶಯ ಹೇಳ್ತಾರ. ಪಾಪ, ಪ್ರೀತೀಲೆ ಹೇಳ್ತಾರ. ಥ್ಯಾಂಕ್ಸ್ ಅಂತ ಹೇಳಿಬಿಡ್ತೀನಿ. ಯಾರ‍್ಯಾರಿಗೆ ಬಿಡಿಸಿ ಹೇಳೋದ್ರೀ?"

ಬೆರಳಿಟ್ಟು ಬಲದಿಂದ ಎಡಕ್ಕೆ ಓದತೊಡಗಿದರು. ದೊಡ್ಡ ಸಾಲಿನ ಅರ್ಥ ಅರ್ಧಂಬರ್ಧ, ಧರ್ಮಶಾಸ್ತ್ರದ ಮಾತು, ತನಗೆ ಅಷ್ಟು ಓದಿಲ್ಲ ಎಂದರು. ಕೆಳಗಿನ ಸಣ್ಣ ಸಾಲಿನಲ್ಲಿ ಊರಿನ ಹೆಸರು ಕಂಡಿತು: ವೆನಿಸ್. ಅವರಲ್ಲಿ ಅಂಕಿಗೆ ಬೇರೆ ಗುರುತಿಲ್ಲ, ಅಕ್ಷರಗಳೇ ಅಂಕಿಗಳಂತೆ. ಇಸವಿಯ ಅಕ್ಷರಗಳನ್ನು ಪಾರ್ಸೆಲ್ ಕೋಣೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕೂಡಿ ನೋಡಿದರು. ಸುಮಾರು ನಾನ್ನೂರು ವರ್ಷದ ಹಿಂದಿನ ಅಚ್ಚು. ಅಷ್ಟರಲ್ಲಿ ನನ್ನ ರೈಲು ಬಂತು, ಅವರು ಓಡಿಹೋಗಿ ಅದನ್ನು ಬರಮಾಡಿಕೊಂಡು ಕಳಿಸಿಯೂ ಕೊಟ್ಟರು. ನಾನು ಹತ್ತಲಿಲ್ಲ. ಬೆಂಗಳೂರಿನಲ್ಲಿ ನನಗೇನು ಕೆಲಸ?

ಎಲ್ಲವನ್ನೂ ಹೇಳಿದೆ, ವೈದ್ಯರು, ತಂಗಿ, ಕೆಂಪಣ್ಣನ ಜ್ವರ, ಕೆರೆ, ದಶಮಿ. ಗುರುತಿನ ವಿಷಯವನ್ನೂ ಹೇಳಿದೆ. ಆದರೆ ಗುರುತು ಏನೆಂದು ನನಗೇ ಗೊತ್ತಿರಲಿಲ್ಲ. ಮಾಸ್ತರರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿಸಿಕೊಂಡರು.

"ನೀರಿಗೆ ಬ್ಯಾಡ್ರೀ" ಎಂದರು ಕೊನೆಗೆ. "ನಮ್ಮ ಅಪ್ಪ ಹೋದ ಮ್ಯಾಲೆ ಇಂಥಾ ಪುಸ್ತಕ ನನ್ನ ಕೈಯಾಗ ಬಂದೇ ಇಲ್ಲ. ನಾಳೆನ ಬರ್ತಿದ್ದೆ. ಆದರ ನನ್ನ ಬದಲಿಗೆ ಬರೋ ಮನಷ್ಯಾ ಆಯುಧಪೂಜಾ ಮುಗಿಯೋತನಕ ಸಿಗಂಗಿಲ್ಲ. ಸ್ಟೇಷನ್ ಬಿಟ್ಟು ಬರಾಕ ಆಗಂಗಿಲ್ಲ."

ಹಾಗೆಂದರೆ ವಿಜಯದಶಮಿಯ ದಿನವೇ. ಅದಕ್ಕೆ ಒಂದೆರಡು ದಿನ ಮುಂಚೆ ಬಂದರೂ ಪ್ರಯೋಜನವಿರಲಿಲ್ಲ. ಮೂಲಾ ನಕ್ಷತ್ರದ ದಿನ ಪೂಜೆಗೆ ಇಟ್ಟ ಪುಸ್ತಕವನ್ನು ದಶಮಿಯವರೆಗೆ ಯಾರೂ ಮುಟ್ಟುವಂತಿಲ್ಲ, ತೆರೆಯುವಂತಿಲ್ಲ. ನಾನು ಮೇಲೂರಿಗೆ ಹೋಗಿ, "ದಶಮಿ ಬೆಳಗ್ಗೆ ಒಬ್ಬರನ್ನು ಕರೆತರುತ್ತೇನೆ, ಅಲ್ಲಿಯವರೆಗೆ ಕಾಯಿರಿ" ಎಂದೆ. "ಮಧ್ಯಾಹ್ನದ ಊಟದ ಹೊತ್ಗೆ ಬಂಡಿ ಕಟ್ತೀವಿ. ಬಂದ್ರೆ ಬರ್ಲಿ" ಎಂದರು ಅಕ್ಕಯ್ಯಮ್ಮ.

ಮಾಸ್ತರರು ಮಾತು ತಪ್ಪಲಿಲ್ಲ. ದಶಮಿಯ ನಸುಕಿನ ಬಸ್ಸಿಗೆ ಗೌರಿಬಿದನೂರು ಬಿಟ್ಟು ಚಿಕ್ಕಬಳ್ಳಾಪುರಕ್ಕೆ ಬಂದರು. ಇಸ್ತ್ರಿ ಮಾಡಿದ ಬಿಳಿ ಕೋಟು, ಕರಿ ಟೋಪಿ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಅಲ್ಲಿಂದ ಶಿಡ್ಲಘಟ್ಟಕ್ಕೆ ಪುಟ್ಟ ರೈಲು. ತಮ್ಮ ಸ್ಟೇಷನ್ನಿನ ಗಾಡಿಗಿಂತ ಅದು ಎಷ್ಟು ಸಣ್ಣದು, ಎಷ್ಟು ನಿಧಾನ ಎಂದು ದಾರಿಯುದ್ದಕ್ಕೂ ಗೇಲಿ: "ಇಳದು ನೂಕೋಣೇನ್ರೀ?" ನನಗೆ ನಗು ಬರುತ್ತಿರಲಿಲ್ಲ. ರೈಲು ತಡವಾಗಿತ್ತು. ಶಿಡ್ಲಘಟ್ಟದಲ್ಲಿ ಜಟಕಾ ಹಿಡಿದೆವು. ಹಬ್ಬದ ಹೂವಿನ ಹಾರ ಹಾಕಿಕೊಂಡಿದ್ದ ಕುದುರೆಗೂ ಅವಸರವಿರಲಿಲ್ಲ.

ಮೇಲೂರು ತಲುಪಿದಾಗ ಮನೆಯ ಮುಂದೆ ಬಂಡಿ ಕಟ್ಟಿತ್ತು. ಎತ್ತಿನ ಕೊಂಬಿಗೆ ಚೆಂಡು ಹೂವು. ಕೆಂಪಣ್ಣ ನೊಗದ ಪಕ್ಕದಲ್ಲಿ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದವರು ನಮ್ಮನ್ನು ಕಂಡು, "ಅಮ್ಮಾ, ಬಂದ್ರು!" ಎಂದು ಕೂಗಿದರು.

ಒಳಗೆ ಪೂಜೆಯ ಮಣೆಯ ಮೇಲೆ ಏಳು ಸಂಪುಟಗಳು, ಅವುಗಳ ಪಕ್ಕ ಗುದ್ದಲಿ, ಕುಡುಗೋಲು, ಮಕ್ಕಳ ಸ್ಲೇಟು. ಅಕ್ಕಯ್ಯಮ್ಮ ಬಾಗಿ ಮೊದಲ ಸಂಪುಟವನ್ನು ಎರಡು ಕೈಯಲ್ಲಿ ಎತ್ತುತ್ತಿದ್ದರು. ಕೂಗಿಗೆ ತಿರುಗಿ ನೋಡಿದರು. ಬಾಗಿಲಲ್ಲಿ ಬಿಳಿ ಕೋಟು, ಕರಿ ಟೋಪಿ. ಪುಸ್ತಕ ಕೈಜಾರಿ ನೆಲಕ್ಕೆ ಬಿತ್ತು, ಹೂವು ಅಕ್ಷತೆ ಚೆಲ್ಲಿದವು.

ಮಾಸ್ತರರು ಚಪ್ಪಲಿ ಬಿಟ್ಟು ಎರಡೇ ಹೆಜ್ಜೆಗೆ ಒಳಬಂದು, ಮಂಡಿಯೂರಿ, ಪುಸ್ತಕವನ್ನು ಎತ್ತಿಕೊಂಡರು. ದೂಳು ಒರೆಸಲಿಲ್ಲ, ಕಣ್ಣಿಗೊತ್ತಲಿಲ್ಲ. ಬಿದ್ದ ಮಗುವನ್ನು ಎತ್ತಿದಂತೆ ಎದೆಗೆ ತಂದು, ಅದರ ರಟ್ಟಿಗೆ ಮುತ್ತಿಟ್ಟರು. ತುಟಿಗೆ ಅರಿಶಿನ ಹತ್ತಿತು.

ಅಕ್ಕಯ್ಯಮ್ಮ ಹಾಗೇ ನೆಲದ ಮೇಲೆ ಕೂತುಬಿಟ್ಟರು.

"ಡಾಕ್ಟರಪ್ಪನೂ ಹಿಂಗೇ ಮಾಡ್ತಿದ್ರು" ಎಂದರು. ದೊಡ್ಡ ದನಿ ಸಣ್ಣದಾಗಿತ್ತು. "ಪುಸ್ತಕ ಕೆಳಗೆ ಬಿದ್ರೆ ಮುತ್ತು ಕೊಟ್ಟು ಎತ್ತೋರು. ನಾನು ನಗಾಡ್ತಿದ್ದೆ. ನಿಮ್ಮೋರು ಎಲ್ರೂ ಹಿಂಗೇನಾ ಅಂತ ಕೇಳಿದ್ರೆ, ಎಲ್ರೂ ಹಿಂಗೇ ಅಕ್ಕಯ್ಯಮ್ಮ, ಚಿಕ್ಕೋರಿದ್ದಾಗಿಂದ ಅನ್ನೋರು."

ಮಾಸ್ತರರು ಪುಸ್ತಕ ಹಿಡಿದೇ ಇದ್ದರು. "ನಮ್ಮಪ್ಪ ಕಲಿಸಿದ್ದು ತಾಯಿ. ಕೈ ತಾನ ಮಾಡ್ತದ."

ನನಗೆ ಆಗ ಎಲ್ಲ ಅರ್ಥವಾಯಿತು. "ಅಮ್ಮ, ನನಗೂ ಶಾಸ್ತ್ರಿಗಳಿಗೂ ಬೇಕೆಂದೇ ಬೀಳಿಸಿದಿರಾ?" ಎಂದೆ.

"ಮತ್ತೆ? ಮುಂಚೆ ಹೇಳಿದ್ರೆ ನೀನೂ ಮುತ್ತು ಕೊಡ್ತಿದ್ದೆ, ನಿಮ್ಮ ಶಾಸ್ತ್ರಿಗಳೂ ಕೊಡ್ತಿದ್ರು" ಎಂದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಇವತ್ತು ಮಾತ್ರ ಬೇಕಂತ ಬಿಡ್ಲಿಲ್ಲ ಕಣಪ್ಪ. ನಿಜವಾಗ್ಲೂ ಜಾರ್ತು" ಎಂದರು.

ಬಾಗಿಲ ಹಿಂದೆ ನಿಂತಿದ್ದ ಸೊಸೆ ರತ್ನಮ್ಮ ಕಿಸಕ್ಕೆಂದು ನಕ್ಕರು. "ಅತ್ತೆ ಕೈಯಿಂದಾನೂ ಒಂದು ದಿನ ನಿಜವಾಗಿ ಜಾರ್ತಲ್ಲ, ದೇವ್ರು ದೊಡ್ಡೋನು."

ಏಳು ಸಂಪುಟಗಳನ್ನು ಅಕ್ಕಯ್ಯಮ್ಮ ತಮ್ಮ ಕೈಯಿಂದಲೇ ಒಂದೊಂದಾಗಿ ಒಪ್ಪಿಸಿದರು. ಮಾಸ್ತರರು ತಮಗೆ ಇದರ ಅರ್ಥ ಪೂರಾ ತಿಳಿಯದೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ಮುಂಬಯಿಯ ತಮ್ಮ ಪ್ರಾರ್ಥನಾಮಂದಿರದಲ್ಲಿ ಕೂತು ಓದುವ ಹಿರಿಯರಿದ್ದಾರೆ, ಅಲ್ಲಿಗೆ ತಲುಪಿಸುತ್ತೇನೆ ಎಂದರು. ಅಕ್ಕಯ್ಯಮ್ಮ ನನ್ನ ಮುಖ ನೋಡಿದರು. ಅಷ್ಟು ದೊಡ್ಡ ಸಂಗ್ರಹ ನನ್ನ ಕಣ್ಣೆದುರಿಗೇ ಬೇರೆಯವರ ಪಾಲಾಗುತ್ತಿತ್ತು. ಆಶ್ಚರ್ಯವೆಂದರೆ ನನಗೆ ಸಂಕಟವಾಗಲಿಲ್ಲ. "ಸರಿ ಅಮ್ಮ" ಎಂದೆ.

ಉಳಿದದ್ದು ಬಟ್ಟೆಗಂಟು. ಹುಳು ತಿಂದ ಬಿಡಿ ಹಾಳೆಗಳು, ಮುಟ್ಟಿದರೆ ಉದುರುತ್ತಿದ್ದವು. "ಇವನ್ನಾದರೂ ಕೆರೆಗೆ ಬಿಡಣ. ಬಂಡಿ ಕಟ್ಟೈತೆ" ಎಂದರು ಅಕ್ಕಯ್ಯಮ್ಮ.

"ನಮ್ಮಲ್ಲೂ ಹರದ ಗ್ರಂಥಕ್ಕ ಮರ್ಯಾದಿ ಕೊಡ್ತೀವಿ ತಾಯಿ" ಎಂದರು ಮಾಸ್ತರರು ಹಿಂಜರಿಯುತ್ತ. "ಸುಡಂಗಿಲ್ಲ, ಬಿಸಾಡಂಗಿಲ್ಲ. ಮನಷ್ಯಾನ್ನ ಮಣ್ಣು ಮಾಡಿದಂಗ ಮಣ್ಣಾಗ ಇಡ್ತೀವಿ."

ಅಕ್ಕಯ್ಯಮ್ಮ ಯೋಚಿಸಿದರು. "ನಮ್ಮೋಕ್ಕೆ ನೀರು, ನಿಮ್ಮೋಕ್ಕೆ ಮಣ್ಣು. ಆಗ್ಲಿ ಬಿಡಪ್ಪ. ಮಳೆ ಬಂದ್ರೆ ಎರಡೂ ಒಂದೇ. ಲೋ ಕೆಂಪ, ಗುದ್ದಲಿ ತಗೋ!"

ಆಯುಧಪೂಜೆಗೆ ಇಟ್ಟ ಗುದ್ದಲಿಯನ್ನು ದಶಮಿಯ ದಿನ ಮೊದಲ ಸಲ ಎತ್ತಿ ಒಂದು ಒಳ್ಳೆಯ ಕೆಲಸ ಮಾಡಬೇಕೆಂದು ರೂಢಿ. ಆ ವರ್ಷ ಆ ಗುದ್ದಲಿಯ ಮೊದಲ ಕೆಲಸ ಹಿಪ್ಪುನೇರಳೆ ತೋಟದ ಮೂಲೆಯ ಹೊಂಗೆ ಮರದಡಿ ನಡೆಯಿತು. ಸಂಜೆ ಹೊತ್ತು ಬಿಳೇ ಡಾಕ್ಟರಪ್ಪ ಕೂರುತ್ತಿದ್ದ ಜಾಗ ಅದು. ತನ್ನನ್ನು ಬದುಕಿಸಿದವರ ಹಾಳೆಗಳಿಗೆ ಕೆಂಪಣ್ಣ ಎದೆಮಟ್ಟದ ಗುಣಿ ತೋಡಿದರು. ಅಷ್ಟು ಬೇಡವೆಂದರೂ ಕೇಳಲಿಲ್ಲ. ಮಾಸ್ತರರು ಗಂಟನ್ನು ಇಳಿಸಿ ತಮಗೆ ಬಂದ ಪ್ರಾರ್ಥನೆ ಹೇಳಿದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದೆವು. ಹಾಕಿದ ಮೇಲೆ ಅಕ್ಕಯ್ಯಮ್ಮ ಒಂದು ಚಿಟಿಕೆ ಕುಂಕುಮ ಉದುರಿಸಿ, "ಇದು ಪಾದಕ್ಕೆ" ಎಂದರು. ಮಾಸ್ತರರು ಬೇಡ ಅನ್ನಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಗೌರಿಬಿದನೂರು ಸ್ಟೇಷನ್ನಿನಲ್ಲಿ ಸಿಕ್ಕಾಗ ಮಾಸ್ತರರು ಹೇಳಿದರು: ಪುಸ್ತಕಗಳು ಮುಂಬಯಿ ಸೇರಿದವು, ದಿನಾ ಸಂಜೆ ಹಿರಿಯರೊಬ್ಬರು ಅವುಗಳ ಮುಂದೆ ಕೂತು ಓದುತ್ತಾರೆ. ಓದುವಾಗ ಬೆರಳಿಗೆ ಕುಂಕುಮ ಹತ್ತುತ್ತದೆ, ಕೊನೆಯ ಪುಟಕ್ಕೆ ಬಂದಾಗ ಮಾತ್ರ. "ಇದೇನಂತ ಕೇಳಿದ್ರು. ಮೇಲೂರಿನ ತಾಯಿದು ಅಂತ ಹೇಳೀನಿ. ಒರೆಸಬ್ಯಾಡ್ರಿ ಅಂದಾರ."

ಶಾಸ್ತ್ರಿಗಳಿಗೆ ಎಲ್ಲವನ್ನೂ ಹೇಳಿದಾಗ ಬೈಯುತ್ತಾರೆಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ: "ಮುತ್ತೇ? ಛೆ, ನನಗೆ ಹೊಳೆಯಲಿಲ್ಲವಲ್ಲ!" ಆ ತಿಂಗಳ ಸಂಗ್ರಹದ ವಿವರದಲ್ಲಿ ಮೇಲೂರಿನ ಮುಂದೆ ನಾನು ಬರೆಯುವಂಥದ್ದು ಏನೂ ಇರಲಿಲ್ಲ. ಆದರೆ ಅಲ್ಲಿಂದಾಚೆಗೆ ಯಾವ ಮನೆಗೆ ಹೋದರೂ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಬದಲಾಯಿತು. "ಏನಿದೆ?" ಎಂದು ಕೇಳುವ ಬದಲು "ಇದು ಯಾರದ್ದು, ಯಾರು ಬರಬೇಕೆಂದು ಕಾಯುತ್ತಿದ್ದೀರಿ?" ಎಂದು ಕೇಳುತ್ತಿದ್ದೆ. ಗ್ರಂಥ ನಮ್ಮ ಕಪಾಟಿಗೆ ಬಂದರೆ ಸಂತೋಷ. ಓದುವವರ ಕೈ ಸೇರಿದರೆ ಕೆಲಸ ಮುಗಿದಂತೆ. ನನ್ನ ವೃತ್ತಿ ಕಲಿಸಿದ್ದನ್ನು ಇದಕ್ಕಿಂತ ದೊಡ್ಡದಾಗಿ ಹೇಳಲು ನನಗೆ ಬಾರದು.

ಆ ದಶಮಿಯ ಸಂಜೆ ರೈಲೂ ಬಸ್ಸೂ ಇರಲಿಲ್ಲ, ಮೇಲೂರಿನಲ್ಲೇ ಉಳಿದೆವು. ರತ್ನಮ್ಮ ಹಬ್ಬಕ್ಕೆಂದು ಬಾಡಿನ ಸಾರು ಮಾಡಿದ್ದರು. ಮಾಸ್ತರರು ತಮ್ಮ ರೀತಿಯಲ್ಲಿ ಕೊಯ್ಯದ ಮಾಂಸ ತಿನ್ನುವವರಲ್ಲ, ನಾನು ಯಾವ ರೀತಿಯಲ್ಲಿ ಕೊಯ್ದರೂ ತಿನ್ನುವವನಲ್ಲ. "ಒಳ್ಳೇ ಜೋಡಿ ಬಂದ್ರಪ್ಪ" ಎನ್ನುತ್ತಲೇ ರತ್ನಮ್ಮ ನಮಗಾಗಿ ಹೊಸ ಮಡಕೆ ಇಟ್ಟು ಹೆಸರುಕಾಳು, ದಂಟಿನ ಸೊಪ್ಪು ಬೇಯಿಸಿ ಬಸ್ಸಾರು ಮಾಡಿದರು. ಬಿಸಿ ರಾಗಿಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ, ಕೊನೆಗೆ ಮಾಸ್ತರರು ತಂದ ಬಾಳೆಹಣ್ಣು. ಮುದ್ದೆಯನ್ನು ಅಗಿಯಲು ಹೋದ ಮಾಸ್ತರರಿಗೆ ಕೆಂಪಣ್ಣ ನುಂಗುವುದನ್ನು ಕಲಿಸಿದರು. ಅಷ್ಟರಲ್ಲಿ ಅಕ್ಕಯ್ಯಮ್ಮ ಪೆಟ್ಟಿಗೆಯನ್ನು ಮಾಸ್ತರರ ಚಾಪೆಯ ತಲೆದೆಸೆಗೆ ಸರಿಸಿಸಿ, ಅದೇ ನಾಲ್ಕು ಇಟ್ಟಿಗೆ ಕೊಡಿಸಿದರು. ಆ ಮನೆಯಲ್ಲಿ ದಿನಾ ಎಲ್ಲರಿಗಿಂತ ಕೊನೆಗೆ, ಪೆಟ್ಟಿಗೆಯ ಸುತ್ತ ದೀಪ ಹಿಡಿದು ಗೆದ್ದಲು ನೋಡಿಯೇ ಮಲಗುತ್ತಿದ್ದವರು ಅಕ್ಕಯ್ಯಮ್ಮ ಎಂದು ರತ್ನಮ್ಮ ಹೇಳುತ್ತಿದ್ದರು. ನಾವು ಇನ್ನೂ ಎಲೆಯ ಮುಂದೆ ಕೂತು ಎರಡನೆಯ ಬಾಳೆಹಣ್ಣು ಸುಲಿಯುತ್ತಿದ್ದೆವು. ಆ ದಿನ ಮೊದಲು ನಿದ್ದೆ ಹೋದವರು ಅಕ್ಕಯ್ಯಮ್ಮ.